ಸರ್ಕಾರಿ ಶಾಲೆಗೆ ಮ್ಯಾನೇಜ್‌ಮೆಂಟ್ ಪಾಠ: ಮುಖ್ಯ ಶಿಕ್ಷಕರ ಕೈಯಲ್ಲಿ ಏನಿದೆ?

ಪೀಣ್ಯ ಕಿಟ್ಟಿ

ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದಿದವರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ದುಡ್ಡು ಕೂಡಿಸಿ ಗೋಡೆಗೆ ಬಣ್ಣ ಹೊಡೆಸಿದ್ದಾಯ್ತು, ಡೆಸ್ಕು ಕೊಡಿಸಿದ್ದಾಯ್ತು, ಸ್ಮಾರ್ಟ್ ಟಿವಿಯೂ ಹೋಯ್ತು. ಟಿವಿ ಈಗ ಆಫೀಸ್ ರೂಮಿನ ಬೀರುವಿನಲ್ಲಿದೆ. ಕಳುವಾದರೆ ಯಾರು ಉತ್ತರ ಕೊಡೋದು ಅಂತ ಬೀಗ ಹಾಕಿಟ್ಟಿದ್ದಾರೆ. ಮಕ್ಕಳ ಓದು ಮಾತ್ರ ಇದ್ದಲ್ಲೇ ಇದೆ. ಐದನೇ ತರಗತಿಯಲ್ಲೂ ಭಾಗಾಕಾರ ಬರದ ಮಕ್ಕಳೇ ಜಾಸ್ತಿ.

ನಾನು ಕಾರ್ಖಾನೆಯಲ್ಲಿ ಉತ್ಪಾದನೆ ನೋಡಿಕೊಳ್ಳುವವನು. ಮೆಷಿನ್ ಹೊಸದಾಗಿದ್ದೂ ಮಾಲು ಕೆಟ್ಟದಾಗಿ ಬಂದರೆ ನಾವು ಮೊದಲು ನೋಡೋದು ಕೆಲಸ ಹಂಚಿರುವ ರೀತಿಯನ್ನು. ಯಾವ ತೀರ್ಮಾನ ಯಾರದ್ದು, ತಪ್ಪು ಎಲ್ಲಿ ಗೊತ್ತಾಗುತ್ತೆ, ಗೊತ್ತಾದ ಮೇಲೆ ಸರಿ ಮಾಡುವ ಅಧಿಕಾರ ಯಾರಿಗಿದೆ. ಶಾಲೆಯನ್ನೂ ಹೀಗೇ ನೋಡಬಾರದಾ?

ಸುಮ್ನೆ ಹೇಳ್ತಿಲ್ಲ. ಅರ್ಥಶಾಸ್ತ್ರಜ್ಞರಾದ ನಿಕೋಲಸ್ ಬ್ಲೂಮ್, ಜಾನ್ ವ್ಯಾನ್ ರೀನನ್ ಮತ್ತು ಅವರ ಜೊತೆಗಾರರು ಎಂಟು ದೇಶಗಳ 1800ಕ್ಕೂ ಹೆಚ್ಚು ಪ್ರೌಢಶಾಲೆಗಳ ಆಡಳಿತ ಹೇಗಿದೆ ಅಂತ ಅಳೆದು, 2015ರಲ್ಲಿ ಪ್ರಕಟಿಸಿದರು. ಆಡಳಿತಕ್ಕೆ ಒಳ್ಳೆ ಅಂಕ ಬಂದ ಕಡೆ ಮಕ್ಕಳ ಫಲಿತಾಂಶವೂ ಚೆನ್ನಾಗಿತ್ತು. ಎಂಟರಲ್ಲಿ ಕೊನೆಯ ಜಾಗ ಭಾರತದ್ದು.

ಹಾಗಾಗಿ ನಮ್ಮ ಶಾಲೆಗೆ ಗುರಿ ಹಾಕಿಕೊಡೋದು, ತಿಂಗಳಿಗೊಮ್ಮೆ ಪರಿಶೀಲನೆ ಮಾಡೋದು, ಚೆನ್ನಾಗಿ ಕಲಿಸಿದವರಿಗೆ ಬಹುಮಾನ ಕೊಡೋದು, ಇಷ್ಟರಿಂದ ಶುರು ಮಾಡೋಣ ಅಂತಿದ್ದೇನೆ. ಮೇಷ್ಟ್ರುಗಳು, ಪೋಷಕರು ಯಾರಾದರೂ ಇದ್ದರೆ ಹೇಳಿ. ಎಲ್ಲಿ ಎಡವುತ್ತೇವೆ?

ಪ್ರಭಾರಿ ಮೇಷ್ಟ್ರು

ಮೊದಲ ಹೆಜ್ಜೆಯಲ್ಲೇ. ಶಾಲೆಯಲ್ಲಿ ಒಬ್ಬ ಮ್ಯಾನೇಜರ್ ಇದ್ದಾನೆ, ಅವನಿಗೆ ಗುರಿ ಕೊಟ್ಟರೆ ಆಯ್ತು ಅಂತ ನೀವು ಅಂದುಕೊಂಡಿದ್ದೀರಿ. ಅಂಥವರು ಯಾರೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ ನೋಡಿ. ಐದನೇ ತರಗತಿವರೆಗಿನ ಶಾಲೆಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ ಮುಖ್ಯ ಶಿಕ್ಷಕರ ಹುದ್ದೆ. ಆರರಿಂದ ಎಂಟಕ್ಕೆ 100 ದಾಟಬೇಕು. 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, ಅವರಲ್ಲಿ ಸೀನಿಯರ್ ಆದವರ ಕೊರಳಿಗೆ ಪ್ರಭಾರ. ನನ್ನದು ಅಂಥದ್ದೇ ಶಾಲೆ. ಒಂದರಿಂದ ಮೂರು ತರಗತಿ ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ, ಅದು ಇನ್ನೊಬ್ಬ ಮೇಡಂ ಪಾಲಿಗೆ. ನಾಲ್ಕು, ಐದು ನನ್ನ ಪಾಲಿಗೆ. ಶಾಲೆಯ ಉಳಿದದ್ದೆಲ್ಲ ನನ್ನದೇ.

ಬೆಳಿಗ್ಗೆ ಹೋದ ಕೂಡಲೇ ಹಾಲಿನ ಪುಡಿ ತೂಕ. ತಲೆಗೆ 18 ಗ್ರಾಂ. ಆಮೇಲೆ ಹಾಜರಿ ಎಣಿಸಿ ಅಡುಗೆಯವರಿಗೆ ಹೇಳಬೇಕು, ಅಷ್ಟಕ್ಕೆ ಅಕ್ಕಿ, ಬೇಳೆ ಅಳೆದುಕೊಟ್ಟು ದಾಸೋಹ ರಿಜಿಸ್ಟರ್‌ಗೆ ಏರಿಸಬೇಕು. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಬೇರೆ ಪಟ್ಟಿ. ಒಂದು ಮೊಟ್ಟೆಗೆ ಸಿಗೋದು 6 ರೂಪಾಯಿ. ತರೋದು, ಬೇಯಿಸೋದು, ಸುಲಿಯೋದು ಎಲ್ಲ ಅದರಲ್ಲೇ. ಅಂಗಡಿಯ ರೇಟು ಅದನ್ನು ದಾಟಿದ ದಿನ ಉಳಿದದ್ದು ನನ್ನ ಜೇಬಿನಿಂದ. ಟ್ರೇ ಬೈಕಿಗೆ ಕಟ್ಟಿ ತರುವಾಗ ಎರಡು ಒಡೆದರೆ ಅದನ್ನು ಬರೆಯೋಕೆ ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ. ಇದೆಲ್ಲ ಮುಗಿಸಿ ನಾಲ್ಕನೇ ತರಗತಿಗೆ ಕಾಲಿಟ್ಟು ಚಾಕ್‌ಪೀಸ್ ಹಿಡಿದರೆ ಫೋನ್ ಗುಂಯ್ ಅನ್ನುತ್ತೆ. 'ತುರ್ತು. ಮಧ್ಯಾಹ್ನ 12ರೊಳಗೆ ಮಾಹಿತಿ ಸಲ್ಲಿಸದ ಶಾಲೆಗಳ ಮುಖ್ಯ ಶಿಕ್ಷಕರೇ ಹೊಣೆ.' ಕೇಳಿದ ಮಾಹಿತಿ ಹೋದ ತಿಂಗಳೇ ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ತುಂಬಿದ್ದು. ಈಗ ಎಕ್ಸೆಲ್‌ನಲ್ಲಿ ಬೇಕಂತೆ.

ಈಗ ಅಧಿಕಾರದ ಲೆಕ್ಕಕ್ಕೆ ಬರೋಣ. ನನ್ನ ಶಾಲೆಗೆ ಯಾವ ಶಿಕ್ಷಕರು ಬರಬೇಕು ಅನ್ನೋದು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ತೀರ್ಮಾನ ಆಗುತ್ತೆ. ಅಲ್ಲಿ ಸೇವಾ ಅಂಕ, ವಲಯ, ಪತಿ-ಪತ್ನಿ ಪ್ರಕರಣ ಎಲ್ಲ ನೋಡ್ತಾರೆ. ಶಾಲೆಗೆ ಏನು ಬೇಕು ಅಂತ ಕೇಳೋಕೆ ಅಲ್ಲಿ ಕುರ್ಚಿಯೇ ಇಲ್ಲ. ದುಡ್ಡು ಅಂದರೆ ವರ್ಷಕ್ಕೊಂದು ಶಾಲಾ ಅನುದಾನ. ಸಮಗ್ರ ಶಿಕ್ಷಣ ಅನ್ನುವ ಕೇಂದ್ರದ ಯೋಜನೆಯ ನಿಯಮದಲ್ಲಿ 30 ಮಕ್ಕಳವರೆಗೆ 10 ಸಾವಿರ, 31ರಿಂದ 100ಕ್ಕೆ 25 ಸಾವಿರ. ಅದರಲ್ಲೂ ಕನಿಷ್ಠ 10% ಸ್ವಚ್ಛತೆಗೆ ಅಂತ ಮೊದಲೇ ಗೆರೆ ಎಳೆದಿದೆ. ನಾನು ನಿಜವಾಗಿ ಆರಿಸಬಹುದಾದದ್ದು ಒಂದೇ, ಅತಿಥಿ ಶಿಕ್ಷಕರನ್ನು. ಅದೂ ಹುದ್ದೆ ಖಾಲಿ ಇದ್ದರೆ. ತಮಾಷೆ ನೋಡಿ, ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಸಂಬಳದ, ಮಾರ್ಚ್ ಆದಮೇಲೆ ಇರ್ತಾರೋ ಇಲ್ವೋ ಗೊತ್ತಿಲ್ಲದ ಮನುಷ್ಯನನ್ನು ಆರಿಸೋಕೆ ಮಾತ್ರ ನನ್ನ ಸಹಿ ಸಾಕು.

ಗುರಿ ಕೊಡಿ ಸಾರ್, ಬೇಡ ಅನ್ನಲ್ಲ. ಈಗಾಗಲೇ ಇರುವ ಗುರಿಗಳ ಪಕ್ಕ ಅಂಟಿಸ್ತೀನಿ.

ಬೆಣ್ಣೆದೋಸೆ

ಮೇಷ್ಟ್ರೇ, ಬೀರುವಿನಲ್ಲಿರುವ ಟಿವಿಯನ್ನು ಮೊಟ್ಟೆ ರೇಟು ತೋರಿಸೋಕೆ ಹಾಕಬಹುದಲ್ವಾ 😀

ಎಣಿಕೆ

ಕಿಟ್ಟಿ ಹೇಳಿದ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ. ಅದನ್ನು ಬಿಟ್ಟರೆ ಅರ್ಧ ಓದಿದ ಹಾಗೆ. ಅಲ್ಲಿ ಎಲ್ಲರಿಗಿಂತ ಮೇಲೆ ಬಂದದ್ದು ಸ್ವಾಯತ್ತತೆ ಇರುವ ಸರ್ಕಾರಿ ಶಾಲೆಗಳು. ಖಾಸಗಿ ಶಾಲೆಗಳಿಗಿಂತಲೂ ಅವೇ ಮುಂದೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು: ಮುಖ್ಯಸ್ಥರ ನಾಯಕತ್ವ, ಮತ್ತು ಅವರು ಒಂದು ಹೊರಗಿನ ಮಂಡಳಿಗೆ ಉತ್ತರ ಕೊಡಬೇಕಾದ ಕಟ್ಟು. ಅಧಿಕಾರವೂ ಹೊಣೆಯೂ ಒಂದೇ ಕುರ್ಚಿಯಲ್ಲಿ ಕೂತಿದ್ದವು. ಮೇಷ್ಟ್ರು ಹೇಳುತ್ತಿರುವುದು ಹೊಣೆ ಮಾತ್ರ ಕೂತಿರುವ ಕುರ್ಚಿಯ ಕಥೆ.

ಬರೀ ಗುರಿ ಮತ್ತು ಪರಿಶೀಲನೆ ಕೊಟ್ಟರೆ ಏನಾಗುತ್ತೆ ಅಂತ ಊಹಿಸಬೇಕಿಲ್ಲ, ಮಧ್ಯಪ್ರದೇಶದಲ್ಲಿ ನೋಡಿದ್ದಾರೆ. ಅಲ್ಲಿನ ಸರ್ಕಾರ ಶಾಲೆಗಳಿಗೆ ಸ್ವಮೌಲ್ಯಮಾಪನ, ಅದರ ಮೇಲೊಂದು ಸುಧಾರಣಾ ಯೋಜನೆ, ಆಮೇಲೆ ಅಧಿಕಾರಿಗಳ ಅನುಸರಣೆ ಅಂತ ಒಂದು ಕಾರ್ಯಕ್ರಮ ತಂದಿತು. ವಿನ್ಯಾಸ ನೋಡಿದರೆ ಕಿಟ್ಟಿ ಬರೆದದ್ದರ ದೊಡ್ಡ ರೂಪವೇ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದನ್ನು 1774 ಶಾಲೆಗಳಲ್ಲಿ ಪ್ರಯೋಗವಾಗಿ ನೋಡಿದರು. ಮೌಲ್ಯಮಾಪನ ಚೆನ್ನಾಗಿಯೇ ನಡೆದಿತ್ತು. ಯೋಜನೆಗಳೂ ತಯಾರಾಗಿದ್ದವು. ಆದರೆ ಶಿಕ್ಷಕರ ಹಾಜರಿ ಬದಲಾಗಲಿಲ್ಲ, ಪಾಠ ಮಾಡುವ ರೀತಿ ಬದಲಾಗಲಿಲ್ಲ, ಮೇಲಿನವರ ಉಸ್ತುವಾರಿಯೂ ಬದಲಾಗಲಿಲ್ಲ, ಮಕ್ಕಳ ಅಂಕವಂತೂ ಇಲ್ಲವೇ ಇಲ್ಲ. ಅಷ್ಟಾದರೂ ಕಾರ್ಯಕ್ರಮ 'ಯಶಸ್ವಿ' ಅನ್ನಿಸಿಕೊಂಡು ಇನ್ನಷ್ಟು ಶಾಲೆಗಳಿಗೆ ಹರಡಿತು. ಕಾಗದದ ಮೇಲೆ ಎಲ್ಲ ಪೂರ್ತಿಯಾಗಿತ್ತಲ್ಲ.

ದೇಶದ ಮಟ್ಟದಲ್ಲಿ 2015ರಲ್ಲಿ ಬಂದ ಶಾಲಾ ಸಿದ್ಧಿ ಅನ್ನುವ ಸ್ವಮೌಲ್ಯಮಾಪನ ಕಾರ್ಯಕ್ರಮವೂ ಅದೇ ಬಳಗದ್ದು. ಇಲ್ಲಿನ ಮೇಷ್ಟ್ರುಗಳಿಗೆ ನೆನಪಿರಬೇಕು.

ಸಿಆರ್‌ಪಿ ಅಕ್ಕ

ನೆನಪಿಲ್ಲದೇ ಇರುತ್ತಾ! ಏಳು ಕ್ಷೇತ್ರ, ಪ್ರತಿಯೊಂದಕ್ಕೂ ನಾವು ಯಾವ ಹಂತದಲ್ಲಿದ್ದೇವೆ ಅಂತ ನಾವೇ ಟಿಕ್ ಹಾಕಬೇಕು. ನಮ್ಮ ಕ್ಲಸ್ಟರ್‌ನಲ್ಲಿ ಒಂದು ಶಾಲೆ ಪ್ರಾಮಾಣಿಕವಾಗಿ ಕೆಳಗಿನ ಹಂತ ಬರೆದರು. ಅವರಿಗೆ ಸಿಕ್ಕಿದ್ದು ಸಹಾಯ ಅಲ್ಲ, ವಿವರಣೆ ಕೇಳಿ ಒಂದು ಫೋನ್. ಮುಂದಿನ ಸಲ ಎಲ್ಲ ಶಾಲೆಯದ್ದೂ ಮಧ್ಯದ ಹಂತ. ಮೇಲೆ ಹೋದರೆ ನೋಡೋಕೆ ಬರ್ತಾರೆ, ಕೆಳಗಿದ್ದರೆ ಬೈಯೋಕೆ ಬರ್ತಾರೆ. ಮಧ್ಯ ಸುರಕ್ಷಿತ.

ನನ್ನ ಹುದ್ದೆಯ ಬಗ್ಗೆಯೂ ಸ್ವಲ್ಪ ಹೇಳ್ತೀನಿ, ಹೊರಗಿನವರಿಗೆ ಗೊತ್ತಿರಲ್ಲ. ಸಿಆರ್‌ಪಿ ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಒಂದಷ್ಟು ಶಾಲೆಗಳ ಗುಂಪಿಗೆ ಒಬ್ಬರು. ಕಾಗದದಲ್ಲಿ ನನ್ನ ಕೆಲಸ ತರಗತಿಯಲ್ಲಿ ಕೂತು ಪಾಠ ನೋಡೋದು, ಶಿಕ್ಷಕರಿಗೆ ಬೆನ್ನೆಲುಬಾಗೋದು, ತಿಂಗಳ ಸಮಾಲೋಚನಾ ಸಭೆ ನಡೆಸೋದು. ನಾನೂ ಶಿಕ್ಷಕಿಯೇ. ಯಾರ ಮೇಲೂ ನನಗೆ ಅಧಿಕಾರ ಇಲ್ಲ. ಅದು ಸರಿಯೇ ಅನ್ನಿ, ಸಲಹೆ ಕೊಡುವವರಿಗೆ ಕೋಲು ಇರಬಾರದು. ಆದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಕೆಳಗೆ ಸಿಗುವ ಕೈ ಅಂದರೆ ನಾವೇ. ಹಾಗಾಗಿ ದಿನ ಪೂರ್ತಿ ಮಾಹಿತಿ ವಸೂಲಿ. ಮೇಷ್ಟ್ರು ಬೈದುಕೊಂಡ ಆ 12 ಗಂಟೆಯ ಮೆಸೇಜ್ ಕಳಿಸುವವಳು ನಾನೇ ಇರಬಹುದು, ನನಗೆ ಅದು 11ಕ್ಕೆ ಬಂದಿರುತ್ತೆ.

ಸಮಾಲೋಚನಾ ಸಭೆಯಲ್ಲೂ ಹಾಗೇ. ಭಿನ್ನರಾಶಿ ಹೇಗೆ ಕಲಿಸಿದಿರಿ ಅಂತ ಒಬ್ಬರು ಕಾಗದ ಮಡಚಿ ತೋರಿಸೋಕೆ ಶುರು ಮಾಡ್ತಾರೆ, ಎಲ್ಲರೂ ಬಗ್ಗಿ ನೋಡ್ತಿರ್ತಾರೆ, ಅಷ್ಟರಲ್ಲಿ 'ಮೇಡಂ, ಆಧಾರ್ ಜೋಡಣೆ ಬಾಕಿ ಇರುವ ಶಾಲೆಗಳ ಪಟ್ಟಿ ಓದಿಬಿಡಿ' ಅಂತ ಫೋನ್. ಮಡಚಿದ ಕಾಗದ ಹಾಗೇ ಮೇಜಿನ ಮೇಲೆ ಉಳಿಯುತ್ತೆ.

ಕಿಟ್ಟಿ ಅವರೇ, ನಿಮ್ಮ ಕಾರ್ಖಾನೆಯಲ್ಲಿ ತರಬೇತಿ ಕೊಡುವವರೇ ಸ್ಟೋರ್ ಲೆಕ್ಕವನ್ನೂ ಬರೀತಾರಾ?

ಪೀಣ್ಯ ಕಿಟ್ಟಿ

ಇಲ್ಲ. ಬರೆಸಿದರೆ ಎರಡು ತಿಂಗಳಲ್ಲಿ ಅವರು ಸ್ಟೋರ್‌ನವರೇ ಆಗಿಬಿಡ್ತಾರೆ. ತುರ್ತಿನ ಕೆಲಸ ಯಾವಾಗಲೂ ಮುಖ್ಯವಾದ ಕೆಲಸವನ್ನು ತಿಂದುಹಾಕುತ್ತೆ.

ಸರಿ, ಪರಿಶೀಲನೆ ವಿಷಯ ಪಕ್ಕಕ್ಕಿಡೋಣ. ಬಹುಮಾನದ ಬಗ್ಗೆ ಏನಂತೀರಿ? ಚೆನ್ನಾಗಿ ಕಲಿಸುವವರಿಗೂ ಕಾಲ ಕಳೆಯುವವರಿಗೂ ಒಂದೇ ಸಂಬಳ, ಒಂದೇ ಇನ್‌ಕ್ರಿಮೆಂಟ್. ಇದು ಅನ್ಯಾಯ ಅಲ್ವಾ?

ಎಣಿಕೆ

ಇದರಲ್ಲಿ ನಿಮ್ಮ ಪರ ಸಾಕ್ಷ್ಯ ಇದೆ, ಮುಚ್ಚಿಡಬಾರದು. ಆಂಧ್ರಪ್ರದೇಶದ 500 ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯ್ತು. ಮಕ್ಕಳ ಕಲಿಕೆ ಏರಿದಷ್ಟಕ್ಕೆ ಶಿಕ್ಷಕರಿಗೆ ಬೋನಸ್. ದೊಡ್ಡ ಮೊತ್ತವೇನಲ್ಲ, ಸರಾಸರಿ ವರ್ಷದ ಸಂಬಳದ 3% ಆಸುಪಾಸು. ಎರಡು ವರ್ಷಕ್ಕೆ ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು. ಬೋನಸ್‌ಗೆ ಲೆಕ್ಕವಿಲ್ಲದ ವಿಜ್ಞಾನ, ಸಮಾಜದಲ್ಲೂ ಏರಿಕೆ ಕಂಡಿತು. ಆದರೆ ಒಂದು ಷರತ್ತು. ಅಲ್ಲಿ ಪರೀಕ್ಷೆ ನಡೆಸಿದ್ದು ಹೊರಗಿನ ತಂಡ. ಶಾಲೆಯವರೂ ಅಲ್ಲ, ಇಲಾಖೆಯವರೂ ಅಲ್ಲ.

ತುಂಗಾತೀರ

ಆ ಷರತ್ತಿನಲ್ಲೇ ಎಲ್ಲ ಇದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು. ಅಳತೆಯನ್ನು ಒಮ್ಮೆ ಬಹುಮಾನಕ್ಕೂ ಶಿಕ್ಷೆಗೂ ಕಟ್ಟಿದರೆ ಅಳತೆಗೆ ಏನಾಗುತ್ತೆ ಅಂತ ಎಸ್‌ಎಸ್‌ಎಲ್‌ಸಿಯಲ್ಲಿ ನೋಡಿದ್ದೇವೆ. ವರ್ಷಾನುಗಟ್ಟಲೆ ಜಿಲ್ಲೆಗಳಿಗೆ ರ‍್ಯಾಂಕ್, ಫಲಿತಾಂಶ ಇಳಿದರೆ ನೋಟಿಸ್. 2023ರಲ್ಲಿ ರಾಜ್ಯದ ಫಲಿತಾಂಶ 83.89%. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು 10ರಿಂದ 20%ಗೆ ಏರಿಸಿದ ಮೇಲೂ ಬಂದದ್ದು 73.40%. ಉಡುಪಿ ಮೊದಲು, ಯಾದಗಿರಿ ಕೊನೆ. ಒಂದು ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಅಳತೆಗೋಲು ಮೊದಲೇ ಬಗ್ಗಿತ್ತು, ಕ್ಯಾಮೆರಾ ಅದನ್ನು ತೋರಿಸಿತು ಅಷ್ಟೇ.

ಹಾಗೆ ನೋಡಿದರೆ ಯಾದಗಿರಿಯ ಶಿಕ್ಷಕರಿಗೆ ಗುರಿ ಕೊಡೋದು ಸುಲಭ. ಅಲ್ಲಿ ಖಾಲಿ ಹುದ್ದೆ ತುಂಬೋದು ಕಷ್ಟ. ಸುಲಭದ್ದನ್ನೇ ಮಾಡ್ತಾ ಬಂದಿದ್ದೇವೆ.

ಏಣಿ ಮೆಟ್ಟಿಲು

ನಿವೃತ್ತ ಶಿಕ್ಷಕಿ ನಾನು. ಎಲ್ಲರೂ ಮೇಲಿನಿಂದ ಕೆಳಗೆ ಮಾತಾಡ್ತಿದ್ದೀರಿ. ನಮ್ಮಲ್ಲೇ ಕೆಳಗಿನಿಂದ ಮೇಲೆ ಹೋದ ಒಂದು ವಿನ್ಯಾಸ ಇದೆಯಲ್ಲ, ಅದರ ಹೆಸರನ್ನು ಪ್ರಭಾರಿ ಮೇಷ್ಟ್ರು ಬಿಟ್ಟರೆ ಯಾರೂ ಎತ್ತಲಿಲ್ಲ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯ್ತು, ಯುನಿಸೆಫ್ ಬೆಂಬಲದಿಂದ. ಆಂಧ್ರದ ರಿಷಿ ವ್ಯಾಲಿಯಲ್ಲಿ ಬಹುವರ್ಗದ ಪಾಠ ಹೇಗೆ ನಡೆಯುತ್ತೆ ಅಂತ ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕೂತು ಕಾರ್ಡು ಬರೆದರು. ಸಮಸ್ಯೆ ಏನಿತ್ತು? ಒಂದೇ ಕೋಣೆ, ಒಬ್ಬರೇ ಟೀಚರ್, ಮೂರು ತರಗತಿ. ಒಂದು ವಾರ ಕುರಿ ಕಾಯೋಕೆ ಹೋದ ಮಗು ವಾಪಸ್ ಬಂದರೆ ಪಾಠ ಮುಂದೆ ಹೋಗಿರ್ತಿತ್ತು. ಆ ಮಗು ಅಲ್ಲಿಗೆ ಶಾಲೆ ಬಿಡ್ತಿತ್ತು. ಇದಕ್ಕೆ ಉತ್ತರವಾಗಿ ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದರು, ಅದೇ ಕಲಿಕಾ ಏಣಿ. ಬಿಟ್ಟ ಮೆಟ್ಟಿಲಿನಿಂದಲೇ ಮಗು ಮತ್ತೆ ಹತ್ತುತ್ತೆ. ಕೋಣೆಯಲ್ಲಿ ಐದು ತಟ್ಟೆ, ಅಂದರೆ ಐದು ಗುಂಪು. ಒಂದಕ್ಕೆ ಶಿಕ್ಷಕರ ಪೂರ್ತಿ ಸಹಾಯ, ಒಂದಕ್ಕೆ ಭಾಗಶಃ. ಎರಡು ಗುಂಪಿನಲ್ಲಿ ಗೆಳೆಯರೇ ಹೇಳಿಕೊಡ್ತಾರೆ. ಕೊನೆಯದು ಸ್ವಕಲಿಕೆ. ನಾನು ಮೊದಲ ತಟ್ಟೆಯಲ್ಲಿ ನೆಲದ ಮೇಲೆ ಕೂತು 'ರ, ಗ, ಸ, ದ' ತಿದ್ದಿಸ್ತಿದ್ದರೆ, ಮೂಲೆಯಲ್ಲಿ ಮೂರನೇ ತರಗತಿಯ ಹುಡುಗಿ ಎರಡನೆಯ ತರಗತಿಯವನಿಗೆ ಕಾರ್ಡಿನ ಹಿಂಬದಿ ಬೆರಳಿಟ್ಟು ಓದಿಸ್ತಿರ್ತಾಳೆ. ಗೋಡೆಯ ಪ್ರಗತಿ ನೋಟ ನೋಡಿದರೆ ಯಾವ ಮಗು ಎಲ್ಲಿದೆ ಅಂತ ನನಗೂ ಗೊತ್ತು, ಮಗುವಿಗೂ ಗೊತ್ತು. ಯಾರಿಗೂ ವರದಿ ಕಳಿಸಬೇಕಿಲ್ಲ.

ಕಿಟ್ಟಿಯವರ ಭಾಷೆಯಲ್ಲಿ ಹೇಳೋದಾದರೆ ತಪ್ಪು ಆದ ಜಾಗದಲ್ಲೇ ಗೊತ್ತಾಗುತ್ತೆ, ಗೊತ್ತಾದವರ ಕೈಯಲ್ಲೇ ಅದನ್ನು ಸರಿ ಮಾಡುವ ಕಾರ್ಡು ಇರುತ್ತೆ.

ಮುಂದೆ 2009-10ರಿಂದ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದರು. ಹರಡಿದ್ದು ಕಾರ್ಡು ಮತ್ತು ತಟ್ಟೆ. ಕೂತು ಬರೆದ, ತಿದ್ದಿದ, ಜಗಳ ಆಡಿದ ಆ ಶಿಕ್ಷಕರ ಗುಂಪನ್ನು ಹರಡೋಕೆ ಆಗಲಿಲ್ಲ. ಕಾರ್ಡು ಹರಿದು ಹೋದರೆ ಬೇರೆ ಬರೆದುಕೊಳ್ಳಬಹುದು ಅಂತಲೇ ಎಷ್ಟೋ ಜನಕ್ಕೆ ಅನ್ನಿಸಲಿಲ್ಲ. ಮೇಲಿನಿಂದ ಬರಲಿ ಅಂತ ಕಾಯ್ತಾ ಕೂತರು. ನನಗೆ ಇವತ್ತಿಗೂ ಬೇಜಾರು ಇರೋದು ಅದರ ಬಗ್ಗೆ.

ಪ್ರಭಾರಿ ಮೇಷ್ಟ್ರು

ಅಮ್ಮಾ, ಪೂರ್ತಿ ಒಪ್ಪಿದೆ. ಒಂದೇ ಸೇರಿಸ್ತೀನಿ. ನಲಿ-ಕಲಿ ತರಗತಿಯಲ್ಲಿ ಟೀಚರ್ ಎದ್ದು ಹೋದರೆ ಮೊದಲ ತಟ್ಟೆ ನಿಂತುಹೋಗುತ್ತೆ. ವಿನ್ಯಾಸ ಎಷ್ಟೇ ಚೆನ್ನಾಗಿರಲಿ, ಅದು ಟೀಚರ್ ಕೋಣೆಯಲ್ಲಿರ್ತಾರೆ ಅಂತ ನಂಬಿಕೊಂಡಿದೆ. 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ. ಸಮೀಕ್ಷೆ ಬೇಡ ಅಂತಲ್ಲ, ಬೇಕು. ಎಲ್ಲದಕ್ಕೂ ಸಿಗುವ ಜನ ನಾವೇ ಯಾಕೆ ಅಂತ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತೆ. ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೆಲಸ ಚುನಾವಣೆಯ ಲೆಕ್ಕಕ್ಕೆ ಹೋಗುತ್ತೆ, ಆದರೆ ಮತದಾರರ ಪಟ್ಟಿಯ ಕೆಲಸ ವರ್ಷವಿಡೀ ಇರುತ್ತೆ.

ದಿಲ್ಲಿವಾಸಿ ಕನ್ನಡಿಗ

ಇಲ್ಲಿ ದಿಲ್ಲಿಯಲ್ಲಿ ಹತ್ತು ವರ್ಷದ ಹಿಂದೆ ಮಾಡಿದ ಒಂದು ಸಣ್ಣ ಕೆಲಸ ಹೇಳ್ತೀನಿ. ಸರ್ಕಾರಿ ಶಾಲೆಗಳಿಗೆ ಎಸ್ಟೇಟ್ ಮ್ಯಾನೇಜರ್ ಅಂತ ಒಬ್ಬರನ್ನು ಹಾಕಿದರು. ನಲ್ಲಿ ಸೋರುತ್ತಿದೆ, ಕಕ್ಕಸು ಕ್ಲೀನ್ ಆಗಿಲ್ಲ, ಗೇಟು ಮುರಿದಿದೆ, ಫ್ಯಾನ್ ತಿರುಗ್ತಿಲ್ಲ, ಎಲ್ಲ ಅವರದ್ದು. ಪ್ರಾಂಶುಪಾಲರಿಗೆ ಪಾಠದ ಕಡೆ ತಿರುಗೋಕೆ ಪುರುಸೊತ್ತು ಸಿಕ್ಕಿತು. ಫಿನ್‌ಲೆಂಡ್ ಪ್ರವಾಸ, ಐಐಎಂ ತರಬೇತಿ ಎಲ್ಲ ಪೇಪರಿನಲ್ಲಿ ಬಂತು. ನನ್ನ ಪ್ರಕಾರ ಜಾಸ್ತಿ ಕೆಲಸಕ್ಕೆ ಬಂದದ್ದು ಈ ನಲ್ಲಿ ರಿಪೇರಿಯವರು.

ಸಿಆರ್‌ಪಿ ಅಕ್ಕ

ದಿಲ್ಲಿ ಶಾಲೆಗಳಲ್ಲಿ ಸಾವಿರ, ಎರಡು ಸಾವಿರ ಮಕ್ಕಳು. ಒಂದು ಶಾಲೆಗೆ ಒಬ್ಬರನ್ನು ಹಾಕಿದರೂ ಲೆಕ್ಕ ಕೂಡುತ್ತೆ. ನಮ್ಮಲ್ಲಿ ನಲವತ್ತು ಸಾವಿರಕ್ಕೂ ಜಾಸ್ತಿ ಸರ್ಕಾರಿ ಶಾಲೆ, ಎಷ್ಟೋ ಕಡೆ 20, 30 ಮಕ್ಕಳು. ಹಾಕೋದಾದರೆ ಕ್ಲಸ್ಟರ್‌ಗೆ ಒಬ್ಬರು.

ಬಯಲುಸೀಮೆ ಬಸಣ್ಣ

ಅದಕ್ಕೇ ನಾನು ಹೇಳೋದು, ಮೊದಲು ಸಣ್ಣ ಶಾಲೆಗಳನ್ನು ಸೇರಿಸಿ. ಹನ್ನೆರಡು ಮಕ್ಕಳ ಶಾಲೆಗೆ ಮ್ಯಾನೇಜ್‌ಮೆಂಟ್ ಎಲ್ಲಿಂದ ತರ್ತೀರಿ? 2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆ ಶುರು ಮಾಡಿದರು, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ನಮ್ಮ ಹೋಬಳಿಯಲ್ಲಿ ಒಂದಿದೆ. ಸೀಟಿಗೆ ಜನ ಸಾಲು ನಿಲ್ತಾರೆ.

ತುಂಗಾತೀರ

ಸಾಲು ಯಾಕೆ ನಿಲ್ತಾರೆ ಅನ್ನೋದಕ್ಕೆ ಎಲ್‌ಕೆಜಿ ಮತ್ತು ಇಂಗ್ಲಿಷ್ ಮಾಧ್ಯಮ ಅಂತ ನನ್ನ ಉತ್ತರ. ಆಡಳಿತ ಚೆನ್ನಾಗಿದೆ ಅಂತಲ್ಲ. ಅಲ್ಲಿ ಪಿಯು ಪ್ರಾಂಶುಪಾಲರು ಒಬ್ಬರು, ಪ್ರೌಢಶಾಲೆಗೆ ಉಪಪ್ರಾಂಶುಪಾಲರು ಇನ್ನೊಬ್ಬರು, ಪ್ರಾಥಮಿಕಕ್ಕೆ ಮುಖ್ಯ ಶಿಕ್ಷಕರು ಮತ್ತೊಬ್ಬರು. ಗೇಟು ಒಂದು, ಮನೆ ಮೂರು. ಒಂಬತ್ತನೇ ತರಗತಿಗೆ ಬಂದ ಹುಡುಗನಿಗೆ ಗುಣಾಕಾರ ಯಾಕೆ ಬರಲ್ಲ ಅಂತ ಏಳನೇ ತರಗತಿಯ ಮೇಷ್ಟ್ರ ಜೊತೆ ಕೂತು ಮಾತಾಡುವ ಒಂದು ಪೀರಿಯಡ್ ವೇಳಾಪಟ್ಟಿಯಲ್ಲಿ ಇಲ್ಲದಿದ್ದರೆ ಒಂದೇ ಆವರಣದಲ್ಲಿ ಇದ್ದು ಏನು ಪ್ರಯೋಜನ?

ಹೊಳೆದಂಡೆ

ಬಸಣ್ಣ, ನಮ್ಮ ಕಡೆ ಮಳೆಗಾಲದಲ್ಲಿ ಮೂರು ಕಿಲೋಮೀಟರ್ ಅಂದರೆ ಎರಡು ಹಳ್ಳ. ಸಣ್ಣ ಶಾಲೆ ಮುಚ್ಚಿದರೆ ಮೊದಲು ಮನೆಯಲ್ಲಿ ಉಳಿಯೋದು ಐದನೇ ಕ್ಲಾಸಿನ ಹುಡುಗಿ. ಬಸ್ ಕೊಡ್ತೀವಿ ಅಂತಾರೆ. ಬಸ್‌ಗೆ ಡ್ರೈವರ್ ಯಾರು, ಡೀಸೆಲ್ ಯಾರು, ಅದಕ್ಕೂ ಮೇಷ್ಟ್ರೇ ಹೊಣೆ ಅಂತ ಬರುತ್ತೆ, ನೋಡ್ತಾ ಇರಿ.

ಬಯಲುಸೀಮೆ ಬಸಣ್ಣ

ಮಲೆನಾಡಿಗೆ ಬೇರೆ ನಿಯಮ ಮಾಡಲಿ ರೀ. ಆದರೆ ಬಯಲಲ್ಲಿ ಒಂದೇ ಊರಲ್ಲಿ ಎರಡು ಶಾಲೆ, ಎರಡರಲ್ಲೂ 15 ಮಕ್ಕಳು, ಇದಕ್ಕೇನಂತೀರಿ? ಇದು ಭಾವನೆಯ ಪ್ರಶ್ನೆ ಅಲ್ಲ.

ಎಡ್ಮಂಟನ್ ಶ್ರೀ

ನಾನಿರುವ ಊರಿನ ಹೆಸರು ಇಂಥ ಚರ್ಚೆಯಲ್ಲಿ ಬಂದೇ ಬರುತ್ತೆ, ಹಾಗಾಗಿ ನಾನೇ ಹೇಳಿಬಿಡ್ತೀನಿ. ಕೆನಡಾದ ಎಡ್ಮಂಟನ್‌ನಲ್ಲಿ 1970ರ ದಶಕದಲ್ಲಿ ಮೈಕ್ ಸ್ಟ್ರೆಂಬಿಟ್‌ಸ್ಕಿ ಅನ್ನುವ, ಊರಿನ ಸರ್ಕಾರಿ ಶಾಲೆಗಳ ಮುಖ್ಯಾಧಿಕಾರಿ ದುಡ್ಡು ಖರ್ಚು ಮಾಡುವ ತೀರ್ಮಾನವನ್ನು ಕೇಂದ್ರ ಕಚೇರಿಯಿಂದ ಶಾಲೆಗೆ ಇಳಿಸಿದರು. ಮಗುವಿನ ಹಿಂದೆ ದುಡ್ಡು ಹೋಗುತ್ತೆ, ಜಾಸ್ತಿ ಸಹಾಯ ಬೇಕಾದ ಮಗುವಿಗೆ ಜಾಸ್ತಿ. ಕೆಲವೇ ಶಾಲೆಗಳಲ್ಲಿ ಮಾಡಿ ನೋಡಿ ಆಮೇಲೆ ಎಲ್ಲ ಕಡೆ ತಂದರು. ಜಪಾನಿ ಕಂಪನಿಗಳ ಬಗ್ಗೆ ಬರೆದು ಹೆಸರಾದ ವಿಲಿಯಂ ಔಚಿ ಎಂಬ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಇದನ್ನು ಅಧ್ಯಯನ ಮಾಡಿ ಅಮೆರಿಕದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಅವರು ಆಮೇಲೆ ಒತ್ತಿ ಹೇಳಿದ್ದು ಇನ್ನೊಂದು: ಒಬ್ಬ ಶಿಕ್ಷಕರ ತಲೆಯ ಮೇಲೆ ಒಟ್ಟು ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ. ಪ್ರಾಂಶುಪಾಲರ ಕೈಗೆ ಅಧಿಕಾರ ಸಿಕ್ಕ ಕಡೆ ಅವರು ಆ ಸಂಖ್ಯೆಯನ್ನು ಇಳಿಸಿಕೊಂಡರು, ಓದೂ ಸುಧಾರಿಸಿತು ಅಂತ ಅವರ ವಾದ.

ಇಲ್ಲಿ ಶಾಲೆಗೆ ಒಬ್ಬ ಪೂರ್ಣಾವಧಿ ಪ್ರಾಂಶುಪಾಲರು, ಆಫೀಸ್ ಸಿಬ್ಬಂದಿ ಮೊದಲಿನಿಂದಲೂ ಇದ್ದರು ಅನ್ನೋದನ್ನು ಮರೆಯಬೇಡಿ. ಮೇಷ್ಟ್ರಂಥವರ ಕೈಗೆ ಇಡೀ ಬಜೆಟ್ ಕೊಟ್ಟರೆ ಅಧಿಕಾರ ಬರಲ್ಲ, ಆಡಿಟ್ ಬರುತ್ತೆ.

ರಾಗಿಮುದ್ದೆ

ಪೋಷಕರ ಮಾತು ಒಂದೂ ಬಂದಿಲ್ಲ. ನಾನು ಎಸ್‌ಡಿಎಂಸಿ ಸದಸ್ಯೆ. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಈ ಸಮಿತಿ ಬಂತು. ಶಿಕ್ಷಣ ಹಕ್ಕು ಕಾಯ್ದೆ ಬಂದಮೇಲೆ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಎಣಿಕೆ ಅವರು ಹೇಳಿದ ಆ 'ಹೊರಗಿನ ಮಂಡಳಿ' ನಮ್ಮಲ್ಲಿ ಕಾನೂನಿನಲ್ಲೇ ಇದೆ ಅಂತಾಯ್ತು.

ನಡೆಯೋದು ಹೀಗೆ. ಪುಸ್ತಕ ಮನೆಗೆ ಬರುತ್ತೆ, ಸಹಿ ಹಾಕಿ ಕಳಿಸ್ತೀವಿ. ಅಧ್ಯಕ್ಷರ ಆಯ್ಕೆಯಲ್ಲಿ ಪಕ್ಷ ನುಗ್ಗುತ್ತೆ. ಒಮ್ಮೆ ಮಾತ್ರ ಬೇರೆ ಥರ ಆಯ್ತು. ಹೊಸ ಮೇಡಂ ಬಂದವರು ಸಭೆಯನ್ನು ಸಂಜೆ, ಹಾಲು ಕರೆದು ಡೈರಿಗೆ ಹಾಕಿದ ಮೇಲೆ ಇಟ್ಟರು. ಲೆಕ್ಕಪತ್ರ ಓದೋದು ಬಿಟ್ಟು ಮಕ್ಕಳ ಕೈಯಲ್ಲೇ ನಮ್ಮೆದುರು ಓದಿಸಿದರು. ನನ್ನ ಮಗ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಸಾಲು ಬಿಟ್ಟು ಬಿಟ್ಟು ಓದಿದ. ನನಗೆ ಮನೆಯಲ್ಲಿ ಗೊತ್ತೇ ಆಗಿರಲಿಲ್ಲ, ಬಾಯಿಪಾಠ ಮಾಡಿ ಒಪ್ಪಿಸ್ತಿದ್ದ. ಆ ವರ್ಷ ನಾವು ಅನುದಾನ ಎಷ್ಟು ಅಂತ ಕೇಳಲಿಲ್ಲ, ಓದೋಕೆ ಯಾವಾಗ ಬರುತ್ತೆ ಅಂತ ಕೇಳಿದೆವು. ಮೇಡಂಗೆ ವರ್ಗ ಆಯ್ತು, ಸಭೆ ಮತ್ತೆ ಹನ್ನೊಂದು ಗಂಟೆಗೆ ಬಂತು. ಹನ್ನೊಂದಕ್ಕೆ ಯಾರು ಬರ್ತಾರೆ? ಕೂಲಿ ಬಿಟ್ಟು?

ಎಣಿಕೆ

ಇಡೀ ಚರ್ಚೆಯಲ್ಲಿ ನನಗೆ ಜಾಸ್ತಿ ಉಪಯೋಗ ಆದದ್ದು ಇದು. ಸಭೆಯ ಸಮಯ ಬದಲಾಯಿಸೋಕೆ ಯಾವ ಆದೇಶವೂ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಆದರೆ ಮೇಡಂ ಜೊತೆಗೇ ಅದೂ ಹೋಯ್ತು, ಯಾಕಂದರೆ ಅದು ಅವರ ಒಳ್ಳೆತನದಲ್ಲಿತ್ತು, ಶಾಲೆಯ ಕಟ್ಟಿನಲ್ಲಿರಲಿಲ್ಲ. ಸಮಿತಿಯೇ ಒಂದು ಠರಾವು ಮಾಡಿ ಸಮಯ ಬರೆದಿಟ್ಟಿದ್ದರೆ ಮುಂದಿನವರು ಬದಲಾಯಿಸೋಕೆ ನಿಮ್ಮನ್ನೇ ಕೇಳಬೇಕಾಗಿತ್ತು.

ರಾಗಿಮುದ್ದೆ

ಮುಂದಿನ ಸಭೆಯಲ್ಲಿ ಬರೆಸ್ತೀನಿ. ಪುಸ್ತಕ ಹೇಗೂ ನಮ್ಮನೆಗೇ ಬರುತ್ತಲ್ಲ.

ಪೀಣ್ಯ ಕಿಟ್ಟಿ

ಎಲ್ಲ ಓದಿ ನಮ್ಮ ಗುಂಪಿನಲ್ಲಿ ಮಾತಾಡಿದೆ. ಬಹುಮಾನ, ಗುರಿ ಎರಡನ್ನೂ ಕೈಬಿಟ್ಟೆವು. ಈಗಿನ ಯೋಚನೆ ಇದು. ಡೆಸ್ಕು, ಟಿವಿಗೆ ಹಾಕಿದ ದುಡ್ಡಿನಲ್ಲಿ ಒಬ್ಬರಿಗೆ ಸಂಬಳ ಕೊಟ್ಟು, ನಮ್ಮ ಕ್ಲಸ್ಟರ್‌ನ ನಾಲ್ಕೈದು ಸಣ್ಣ ಶಾಲೆಗಳಿಗೆ ಗುಮಾಸ್ತರಾಗಿ ಇಡೋದು. ಮೊಟ್ಟೆ, ಗ್ಯಾಸು, ರಿಜಿಸ್ಟರ್, ಡೇಟಾ ಎಂಟ್ರಿ ಎಲ್ಲ ಅವರದ್ದು. ಊರಲ್ಲೇ ಬಿಕಾಂ ಮಾಡಿ ಕೂತ ಹೆಣ್ಣುಮಕ್ಕಳಿದ್ದಾರೆ. ಆಗುತ್ತಾ?

ಬೆಣ್ಣೆದೋಸೆ

ಫೋಟೋ ಹಾಕೋಕೆ ಏನೂ ಸಿಗಲ್ವಲ್ಲ ಗುರೂ. ಬಣ್ಣ ಹೊಡೆಸಿದರೆ ಕೊನೇಪಕ್ಷ ದಾನಿಗಳ ಹೆಸರು ಗೋಡೆ ಮೇಲೆ ಬರುತ್ತೆ.

ಪೀಣ್ಯ ಕಿಟ್ಟಿ

ಗುಂಪಿನಲ್ಲೂ ಅರ್ಧ ಜನ ಇದನ್ನೇ ಕೇಳಿದರು, ತಮಾಷೆಗಲ್ಲ.

ಪ್ರಭಾರಿ ಮೇಷ್ಟ್ರು

ಆಗುತ್ತೆ, ಆದರೆ ಕೆಲವು ಗಂಟುಗಳಿವೆ. ಎಸ್‌ಎಟಿಎಸ್ ಲಾಗಿನ್ ನನ್ನ ಹೆಸರಿನಲ್ಲಿದೆ, ಒಟಿಪಿ ನನ್ನ ಫೋನಿಗೆ. ಅದನ್ನು ಬೇರೆಯವರ ಕೈಗೆ ಕೊಡೋಕಾಗಲ್ಲ, ಕೊಡಲೂಬಾರದು, ಮಕ್ಕಳ ಆಧಾರ್ ಎಲ್ಲ ಅದರಲ್ಲಿದೆ. ಶಾಲೆಯಲ್ಲೇ ಕೂತು ತುಂಬಲಿ, ಕೊನೆಯಲ್ಲಿ ನಾನು ನೋಡಿ ಒತ್ತುತ್ತೇನೆ. ದಾಸೋಹದ ಸ್ಟಾಕ್‌ಗೆ ಸಹಿ ನನ್ನದೇ ಇರಬೇಕು. ಅಳೆದು ಬರೆಯೋದು ಅವರು ಮಾಡಿದರೂ ಬೆಳಗಿನ ಮೊದಲ ಪೀರಿಯಡ್ ನನಗೆ ವಾಪಸ್ ಸಿಗುತ್ತೆ. ಅಷ್ಟು ಸಾಕು.

ಎಸ್‌ಡಿಎಂಸಿ ಠರಾವು ಬೇಕೇ ಬೇಕು, ಇಲ್ಲದಿದ್ದರೆ ಹೊರಗಿನವರು ಆಫೀಸಿನಲ್ಲಿ ಯಾಕಿದ್ದಾರೆ ಅಂತ ಯಾರಾದರೂ ಅರ್ಜಿ ಹಾಕ್ತಾರೆ. ಅದರ ಪ್ರತಿ ಇಟ್ಟು ಬಿಇಒ ಕಚೇರಿಗೂ ಒಂದು ಪತ್ರ ಕೊಡಿ. ಸಂಬಳ ನಿಮ್ಮ ಗುಂಪಿನಿಂದ ನೇರ ಅವರ ಖಾತೆಗೆ ಹೋಗಲಿ, ಶಾಲೆಯ ಖಾತೆಗೆ ತರಬೇಡಿ, ಇನ್ನೊಂದು ರಿಜಿಸ್ಟರ್ ಶುರುವಾಗುತ್ತೆ. ಮತ್ತೆ ಏಪ್ರಿಲ್, ಮೇ ಸಂಬಳವೂ ಕೊಡಿ. ಹತ್ತು ತಿಂಗಳಿಗೆ ಅಂತ ಇಟ್ಟರೆ ಜೂನ್‌ನಲ್ಲಿ ಅವರು ಬರಲ್ಲ, ಅತಿಥಿ ಶಿಕ್ಷಕರ ಕಥೆಯೇ ಆಗುತ್ತೆ.

ಸಿಆರ್‌ಪಿ ಅಕ್ಕ

ನನ್ನ ಕಡೆಯಿಂದ ಒಂದು ಬೇಡಿಕೆ. ಅವರನ್ನು ಇಟ್ಟಿದ್ದೀರಿ ಅಂತ ಗೊತ್ತಾದ ಕೂಡಲೇ ಬ್ಲಾಕ್‌ನಿಂದ ಇನ್ನೂ ನಾಲ್ಕು ನಮೂನೆ ಬರುತ್ತೆ. ಯಾವ ಕೆಲಸ ಅವರದ್ದು, ಯಾವುದು ಅಲ್ಲ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪತ್ರದ ಜೊತೆಗೇ ಲಗತ್ತಿಸಿ.

ಪೀಣ್ಯ ಕಿಟ್ಟಿ

ಹಾಳೆ ಈ ಭಾನುವಾರ ಬರೆದು ಇಲ್ಲೇ ಹಾಕ್ತೀನಿ. ಮೇಷ್ಟ್ರೇ, ಅಕ್ಕಾ, ಕೆಂಪು ಪೆನ್ನು ಹಿಡಿದು ತಿದ್ದಿ. ಟಿವಿ ಬಗ್ಗೆ ಯಾರಾದರೂ ಹೇಳ್ತೀರಾ? ಇನ್ಶೂರೆನ್ಸ್ ಮಾಡಿಸಿದರೆ ಬೀರುವಿನಿಂದ ಹೊರಗೆ ಬರುತ್ತಾ?

ಪ್ರಭಾರಿ ಮೇಷ್ಟ್ರು

ದಾಸ್ತಾನು ಪುಸ್ತಕದಲ್ಲಿ 'ದಾನ' ಅಂತ ಏರಿಸಿದ್ದಾರಾ ಮೊದಲು ಕೇಳಿ. ಏರಿಸಿದ್ದರೆ ಇನ್ಶೂರೆನ್ಸ್ ಆಗಬಹುದು. ಏರಿಸಿಲ್ಲ ಅಂದರೆ ಅದು ಶಾಲೆಯಲ್ಲಿ ಇಲ್ಲವೇ ಇಲ್ಲ.